ಆರಡಿಯವರ ಮೀನು

ಲಾರಿಯವನು ಎರಡು ಗೋಣಿಚೀಲಗಳನ್ನು ಮೂಳೆ ಕೋಣೆಯ ಬಾಗಿಲಲ್ಲಿ ಧೊಪ್ಪನೆ ಇಳಿಸಿ, "ಮೊಸಳೆ ಬಂದಿದೆ ಮೇಡಂ, ಸಹಿ ಹಾಕಿ" ಎಂದ.

ಚೀಲದ ಬಾಯಿಗೆ ಕಟ್ಟಿದ ರಟ್ಟಿನ ಚೀಟಿಯಲ್ಲೂ ಅದೇ ಇತ್ತು: ಮೊಸಳೆ, ಹಳೆಯ ಒಡ್ಡಿನ ಹೂಳು. ನದಿಗೆ ಅಡ್ಡ ಕಟ್ಟಿದ ಆ ಒಡ್ಡಿನ ಗೇಟು ರಿಪೇರಿಗೆಂದು ನೀರು ಖಾಲಿ ಮಾಡಿದ್ದರು. ಹೂಳೆತ್ತುವಾಗ ಮೂಳೆ ಸಿಕ್ಕಿತು. ಇಷ್ಟು ದೊಡ್ಡ ಮೂಳೆ ಮೊಸಳೆಯದಲ್ಲದೆ ಇನ್ನಾರದು ಎಂದು ಕೆಲಸದ ಮೇಸ್ತ್ರಿ ನಿಂತ ಕಾಲಲ್ಲೇ ತೀರ್ಪು ಕೊಟ್ಟು ಬರೆದುಬಿಟ್ಟಿದ್ದ. ಆದರೆ ಪುಣ್ಯಾತ್ಮ ಮೂಳೆಗಳನ್ನು ಮಾತ್ರ ಒಂದೂ ಬಿಡದೆ ಆರಿಸಿ ಕಳಿಸಿದ್ದ. ಅಷ್ಟಕ್ಕಾದರೂ ಅವನನ್ನು ಮೆಚ್ಚಬೇಕು.

ಅವಳು ಸಹಿ ಹಾಕಿದಳು. ಆ ಮ್ಯೂಸಿಯಮ್ಮಿನಲ್ಲಿ ಹದಿನೆಂಟು ವರ್ಷದಿಂದ ಮೂಳೆ ತೊಳೆದು, ಒಣಗಿಸಿ, ಯಾವ ಪ್ರಾಣಿಯದೆಂದು ಗುರುತು ಹಿಡಿದು ಹೆಸರು ಬರೆಯುವುದೇ ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ಮೂಳೆ ಮೇಡಂ. ಕೋಣೆಯ ಇನ್ನೊಂದು ಮೂಲೆಯಲ್ಲಿ ಪೆಟ್ಟಿಗೆ ಮಾಡುವ ಬಡಗಿ ಕೂರುತ್ತಿದ್ದ. ಅವನ ಸುತ್ತಿಗೆಗಿಂತ ಅವನ ಬಾಯಿಯ ಸದ್ದೇ ಜಾಸ್ತಿ.

ಕ್ಯುರೇಟರ್ ಬಾಗಿಲಲ್ಲಿ ತಲೆ ಹಾಕಿದರು. "ಮೊಸಳೆ ತಾನೆ? ನಮ್ಮಲ್ಲಿ ಆಗ್ಲೇ ನಾಲ್ಕಿದೆ. ಫಾರಂ ತುಂಬಿಸಿ ಪೆಟ್ಟಿಗೆಗೆ ಹಾಕ್ಬಿಡಿ. ಮೂರು ಗಂಟೆಗೆ ಅದೇ ಲಾರಿ ದೊಡ್ಡ ಉಗ್ರಾಣಕ್ಕೆ ಹೋಗುತ್ತೆ."

ದೊಡ್ಡ ಉಗ್ರಾಣಕ್ಕೆ ಹೋದ ಪೆಟ್ಟಿಗೆಯನ್ನು ಮತ್ತೆ ತೆರೆದದ್ದನ್ನು ಈವರೆಗೆ ಯಾರೂ ಕಂಡಿರಲಿಲ್ಲ. ಗಡಿಯಾರದಲ್ಲಿ ಹನ್ನೊಂದಾಗಿತ್ತು. ಅವಳು ಚೀಲದೊಳಗೆ ಕೈ ಹಾಕಿ ಮೊದಲು ಸಿಕ್ಕಿದ್ದನ್ನು ಹೊರಗೆಳೆದಳು. ಬೆನ್ನೆಲುಬಿನ ಒಂದು ಮಣಿ, ಹಿಡಿ ತುಂಬುವಷ್ಟು ದಪ್ಪ. ಕೆಸರನ್ನು ಹೆಬ್ಬೆರಳಿನಿಂದ ಒರೆಸಿದಳು. ತಿರುಗಿಸಿ ನೋಡಿದಳು. ಇನ್ನೊಮ್ಮೆ ತಿರುಗಿಸಿದಳು.

ಮೊಸಳೆಯ ಬೆನ್ನುಮಣಿಗೆ ಒಂದು ಕಡೆ ತಗ್ಗು, ಇನ್ನೊಂದು ಕಡೆ ಉಬ್ಬು. ಇದಕ್ಕೆ ಎರಡೂ ಕಡೆ ತಗ್ಗು, ಬೆನ್ನಿಗೆ ಬೆನ್ನು ಅಂಟಿಸಿದ ಎರಡು ಬಟ್ಟಲುಗಳಂತೆ.

"ಮೀನು!" ಎಂದು ಅವಳು ಕಿರುಚಿದ ಜೋರಿಗೆ ಬಡಗಿ ಮೊಳೆ ಬಿಟ್ಟು ಬೆರಳಿಗೆ ಹೊಡೆದುಕೊಂಡ.

"ಅಯ್ಯೋ! ಮೀನಾದ್ರೆ ನನ್ನ ಬೆರಳೇನು ಮಾಡಿತ್ತು?"

"ಬೆರಳು ಆಮೇಲೆ ನೋಡ್ಕೊಳ್ಳಿ. ಮೇಜು ಖಾಲಿ ಮಾಡಿ. ಒಂದಲ್ಲ, ಮೂರೂ ಮೇಜು!"

ಮೂರು ಮೇಜುಗಳನ್ನು ಸಾಲಾಗಿ ಜೋಡಿಸಿದರು. ಅವಳು ಒಂದೊಂದೇ ಮೂಳೆ ತೊಳೆದು ಅದರದರ ಜಾಗದಲ್ಲಿ ಇಡುತ್ತ ಹೋದಳು. ತಲೆಯ ಮೇಲ್ಚಿಪ್ಪು ಬಂತು, ಹಲಸಿನ ಸಿಪ್ಪೆಯ ಹಾಗೆ ಒರಟೊರಟು. ದವಡೆ ಬಂತು. ಅದರಲ್ಲಿ ಮೊಸಳೆಯ ಕೋರೆಹಲ್ಲಿನ ಗುಳಿಗಳಿಲ್ಲ, ಉಜ್ಜುಕಾಗದದಷ್ಟು ಸಣ್ಣ ಹಲ್ಲುಗಳ ಪಟ್ಟಿ. ಆಮೇಲೆ ಗೇಣಿಗಿಂತ ಉದ್ದದ ಒಂದು ಮುಳ್ಳು, ಒಳ ಅಂಚಿನಲ್ಲಿ ಗರಗಸದ ಹಲ್ಲು. ಎದೆಯ ಪಕ್ಕದ ರೆಕ್ಕೆಯ ಮುಂದೆ ಈಟಿಯಂತೆ ನಿಲ್ಲುವ ಮುಳ್ಳು ಅದು, ಮೀಸೆ ಮೀನಿಗೆ ಇರುವಂಥದ್ದು.

ಮೀಸೆ ಮೀನು! ಹಳೆಯ ಒಡ್ಡು!  ಅವಳು ಕೈಯಲ್ಲಿದ್ದ ಮುಳ್ಳನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

ಯಾಕೆ ಎಂದು ಹೇಳಬೇಕಾದರೆ ಅವಳ ಅಪ್ಪನ ಕತೆ ಹೇಳಬೇಕು. ಅವಳಿಗೆ ಐದು ವರ್ಷವಿದ್ದಾಗ ಅಪ್ಪ ಒಬ್ಬನೇ ದೋಣಿಯಲ್ಲಿ ಒಡ್ಡಿನ ಹತ್ತಿರ ಗಾಳ ಹಾಕಿದ್ದ. ಆರಡಿ ಉದ್ದದ ಮೀಸೆ ಮೀನು ಸಿಕ್ಕಿತಂತೆ. ದೋಣಿಯ ಪಕ್ಕಕ್ಕೆ ಎಳೆದು ತಂದನಂತೆ. ಅದು ಒದ್ದಾಡಿದ ರಭಸಕ್ಕೆ ಮುಳ್ಳು ಹಲಗೆಗೆ ನಾಟಿ ತುದಿ ಲಟಕ್ಕನೆ ಮುರಿದು, ಗಾಳದ ದಾರವನ್ನೂ ಹರಿದುಕೊಂಡು ಮೀನು ಹೋಯಿತಂತೆ. ಹಲಗೆಯಲ್ಲಿ ಉಳಿದ ಆ ತುದಿಯನ್ನು ಕಿತ್ತು ಮನೆಗೆ ತಂದನಂತೆ. ಈ 'ಅಂತೆ'ಗಳನ್ನೆಲ್ಲ ಸೇರಿಸಿದ್ದು ಮೀನು ಪೇಟೆಯವರು. ಅಪ್ಪ ಹೇಳುವಾಗ ಒಂದೂ ಇರಲಿಲ್ಲ. ಪೇಟೆಯವರು ಅವನಿಗೆ ಆರಡಿ ಎಂದೇ ಹೆಸರಿಟ್ಟರು. "ಆರಡಿ, ಇವತ್ತೆಷ್ಟು ಬೆಳೀತು ನಿನ್ನ ಮೀನು?" ಎಂದು ಕಂಡಕಂಡಲ್ಲಿ ಕೇಳಿದರು. ಅಪ್ಪ ಜಗ್ಗಲಿಲ್ಲ. ಎರಡೂ ಕೈ ಅಗಲಿಸಿ ತೋರಿಸುತ್ತ ಕೇಳಿದವರಿಗೆಲ್ಲ ಹೇಳುತ್ತಲೇ ಇದ್ದ, ಏಳು ವರ್ಷ.

ಅವನ ಬಾಯಿಗೆ ಬೀಗ ಹಾಕಿದವಳು ಅವಳೇ. ಹನ್ನೆರಡು ವರ್ಷದವಳಿದ್ದಾಗ ಮನೆ ತುಂಬ ನೆಂಟರು ಸೇರಿದ್ದರು. ಅಪ್ಪ ಕೈ ಅಗಲಿಸಿ ಶುರು ಮಾಡಿದ್ದೇ ತಡ, ಇವಳು ಶಾಲೆಯ ಪುಸ್ತಕ ಹಿಡಿದುಕೊಂಡು ಬಂದು, "ಅಪ್ಪಾ, ಈ ನದಿಯ ಮೀಸೆ ಮೀನು ಮೂರಡಿಗಿಂತ ಹೆಚ್ಚು ಬೆಳೆಯಲ್ಲ ಅಂತ ಇದರಲ್ಲಿದೆ. ಸುಳ್ಳು ಹೇಳ್ಬೇಡ" ಎಂದಳು. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕಪ್ಪ ಅವಳ ಬೆನ್ನು ತಟ್ಟಿ ಶಭಾಷ್ ಎಂದ. ಅಪ್ಪನೂ ನಕ್ಕ. ಅಗಲಿಸಿದ್ದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದ. ಆಮೇಲೆ ಆ ಮೀನಿನ ಸುದ್ದಿ ಅವನ ಬಾಯಲ್ಲಿ ಬರಲೇ ಇಲ್ಲ. ಅವಳು ಓದಿದಳು, ಕೆಲಸ ಹಿಡಿದಳು, ನೂರಾರು ಮೀನುಗಳ ಮೂಳೆ ಅಳೆದಳು. ಅಪ್ಪ ಇಳಿಸಿದ ಆ ಎರಡು ಕೈಗಳು ಮಾತ್ರ ಮನಸ್ಸಿನಿಂದ ಹೋಗಲಿಲ್ಲ.

"ಏನ್ ಮೇಡಂ, ದೆವ್ವ ಕಂಡೋರ ಹಾಗೆ ಕೂತಿದೀರಾ?" ಎಂದ ಬಡಗಿ.

ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಬಡಗಿ ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೇಳಿದ. "ಮತ್ತೆ ಅಳೀರಿ! ಯಾಕೆ ಕಾಯ್ತಿದೀರಾ?"

ಅಳೆಯಲು ಬೇಕಾದ ಸಾಮಾನು ಅವಳ ಬೀರುವಿನಲ್ಲೇ ಇತ್ತು. ಸರಿಯಾಗಿ ಮೂರಡಿ ಉದ್ದದ ಮೀಸೆ ಮೀನಿನ ಇಡೀ ಅಸ್ಥಿಪಂಜರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಪ್ಪನಿಂದಲೇ ತೆಗೆದುಕೊಂಡ ಮೀನು. ಅಮ್ಮನ ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಮೂಳೆ ಬಿಡಿಸಿದ್ದಳು. ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು, ಆ ಪಾತ್ರೆಯನ್ನಂತೂ ಜನ್ಮಕ್ಕೂ ಮುಟ್ಟಲಿಲ್ಲ. ಈಗ ಅದರ ಬೆನ್ನುಮಣಿಗಳನ್ನು ಸಾಲಾಗಿಟ್ಟು, ಪಕ್ಕದಲ್ಲಿ ಹೊಸ ಮಣಿಗಳನ್ನಿಟ್ಟು ಅಳೆಯತೊಡಗಿದಳು. ಇದು ಎರಡು ಸೆಂಟಿಮೀಟರ್, ಅದು ಐದು. ಮುಂದಿನದೂ ಹಾಗೇ. ಹತ್ತು ಮಣಿ ಅಳೆದರೂ ಅದೇ ಲೆಕ್ಕ, ಎರಡೂವರೆ ಪಟ್ಟು. ಮೂರಡಿಯ ಎರಡೂವರೆ ಪಟ್ಟು ಎಂದರೆ?

"ಏಳೂವರೆ ಅಡಿ" ಎಂದ ಬಡಗಿ, ಬಾಯಿ ತೆರೆದುಕೊಂಡು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಒಂದು ಚೀಟಿಯ ಮೇಲೆ ಬರೆದೂಬಿಟ್ಟ.

ಅವಳ ಮುಖ ಸಪ್ಪಗಾಯಿತು. ಏಳೂವರೆ! ಆರಲ್ಲ!

ಬಡಗಿಯೂ ತಲೆ ಕೆರೆದುಕೊಂಡ. "ಮೇಡಂ, ಬೇಜಾರು ಮಾಡ್ಕೋಬೇಡಿ. ಮೀನು ಹಿಡಿಯೋರು ಗೇಣು ಮೀನನ್ನ ಮೊಳ ಅಂತಾರೆ, ಮೊಳದ್ದನ್ನ ಮಾರು ಅಂತಾರೆ. ಏಳೂವರೆ ಇದ್ದದ್ದನ್ನ ಆರು ಅಂದೋನು ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ. ಇದು ಯಾವುದೋ ಬೇರೆ ಮೀನು."

ಅವಳಿಗೂ ಅದು ಸರಿಯೆನಿಸಿತು. ಅಷ್ಟರಲ್ಲಿ ಕ್ಯುರೇಟರ್ ಬಂದರು. ಮೂರು ಮೇಜಿನುದ್ದ ಮಲಗಿದ್ದ ಮೂಳೆ ನೋಡಿ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. "ಮೊಸಳೆ ಅಲ್ವಾ? ಮೀನಾ? ಇಷ್ಟು ದೊಡ್ಡದಾ?" ಎಂದು ಮೇಜಿನ ಸುತ್ತ ಎರಡು ಸುತ್ತು ಬಂದರು. "ಬೇಡ, ಬೇಡ, ಮೂಳೆ ಇಲ್ಲೇ ಇರಲಿ! ಮುಂದಿನ ಪ್ರದರ್ಶನದ ಹಾಲ್‌ನಲ್ಲೇ ಇಡೋಣ! ಫಾರಂ ಮಾತ್ರ ಇವತ್ತಿನ ಲಾರಿಯಲ್ಲೇ ಮುಖ್ಯ ಕಚೇರಿಗೆ ಹೋಗಲಿ."

ಅವಳು ಫಾರಂ ತುಂಬಿದಳು. ಜಾತಿ, ಸಿಕ್ಕ ಜಾಗ, ಅಂದಾಜು ಉದ್ದ. ಕೊನೆಯ ಸಾಲಿನಲ್ಲಿ ಪೆನ್ನು ನಿಂತಿತು: ಈ ಮೊದಲು ಜೀವಂತ ಕಂಡವರು.

"ಯಾರೂ ಇಲ್ಲ ಅಂತ ಬರೀರಿ" ಎಂದರು ಕ್ಯುರೇಟರ್. "ಈ ನದಿಯಲ್ಲಿ ಇಂಥದ್ದನ್ನ ಯಾರು ನೋಡಿದಾರೆ?"

ಯಾರೂ ಇಲ್ಲ. ಎರಡೇ ಪದ. ಅದನ್ನು ಬರೆದರೆ ಅಪ್ಪನ ಕೈಗಳನ್ನು ಇನ್ನೊಮ್ಮೆ ಕೆಳಗಿಳಿಸಿದಂತೆ. ಅದರ ಬದಲು ಅಪ್ಪನ ಹೆಸರು ಬರೆದರೆ ಬರಿ ಮಮತೆಗೆ ಸುಳ್ಳು ಬರೆದಂತೆ, ಆ ಕೆಲಸ ಅವಳು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ. "ಸ್ವಲ್ಪ ತಾಳಿ ಸಾರ್" ಎಂದು ಮತ್ತೆ ಚೀಲದ ಹತ್ತಿರ ಹೋದಳು. ಇನ್ನೊಂದು ಮುಳ್ಳು, ಬಲಗಡೆಯದು, ಇನ್ನೂ ಸಿಕ್ಕಿರಲಿಲ್ಲ. ಚೀಲದ ತಳದ ಕೆಸರಲ್ಲಿ ಕೈಯಾಡಿಸಿ ಎಳೆದಳು. ಬಂತು.

ಎಡಗಡೆಯದಕ್ಕಿಂತ ನಾಲ್ಕು ಬೆರಳು ಗಿಡ್ಡ. ತುದಿಯೇ ಇಲ್ಲ!

ಹೂಳು ತೆಗೆಯುವಾಗ ಮುರಿದಿದ್ದರೆ ಒಳಭಾಗ ಬೆಳ್ಳಗಿರುತ್ತಿತ್ತು. ಮುರಿದ ಜಾಗ ಉಳಿದ ಮೂಳೆಯಷ್ಟೇ ಕಪ್ಪಗಿತ್ತು, ಅಂದರೆ ಹಳೆಯ ಮುರಿತ. ಅಂಚು ಮಾತ್ರ ಚೂಪಾಗಿಯೇ ಇತ್ತು. ಗಾಯ ಮಾಯುವಷ್ಟು ದಿನವೂ ಮೀನು ಬದುಕಿರಲಿಲ್ಲ.  ಮನೆಗೆ ಫೋನ್ ಮಾಡುವಾಗ ನಂಬರು ಎರಡು ಸಲ ತಪ್ಪಿತು.

ಅಮ್ಮ ಎತ್ತಿದಳು. "ಊಟ ಆಯ್ತಾ?"

"ಅಮ್ಮಾ, ಊಟ ಹಾಳಾಗ್ಲಿ. ಅಪ್ಪ ಆ ಮೀನಿನ ಮುಳ್ಳಿನ ತುದಿ ದೋಣಿಯಿಂದ ಕಿತ್ತು ತಂದಿದ್ರಲ್ಲ, ಅದು ಎಲ್ಲಿ ಹೋಯ್ತು?"

"ಎಲ್ಲಿ ಹೋಗುತ್ತೆ? ಅವರ ಕೈಯಲ್ಲೇ ಇದೆ. ಜಗಲಿ ಮೇಲೆ ಕೂತು ಬಲೆ ಗಂಟು ಬಿಚ್ತಿದಾರೆ."

 ಅಪ್ಪನ ಗಂಟುಬಿಚ್ಚುಕ! ಹಿಡಿಗೆ ದಪ್ಪ ದಾರ ಸುತ್ತಿ ಮೇಣ ಹಚ್ಚಿದ, ಹೊರಗೆ ಬರಿ ಮೊನೆ ಕಾಣುವ, ನೂರಾರು ಗಂಟು ಬಿಚ್ಚಿ ನಯವಾದ ಅದನ್ನು ಅವಳು ಹುಟ್ಟಿದಾಗಿನಿಂದಲೂ ಎನ್ನುವಷ್ಟು ಕಾಲ ನೋಡಿದ್ದಳು, ಆಡಿನ ಕೊಂಬು ಎಂದುಕೊಂಡು. ಊರ ಮೂಳೆಗಳನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿದ ಮೂಳೆ ಮೇಡಂ ಮನೆಯ ಮೂಳೆಯನ್ನು ಒಮ್ಮೆಯೂ ಕೈಗೆತ್ತಿ ನೋಡಿರಲಿಲ್ಲ. ಭಲೇ!

"ಅಪ್ಪನ್ನ ಆಟೋ ಹತ್ತಿಸಿ ಕಳಿಸು. ಅದನ್ನೂ ತರ್ಲಿ. ಈಗಲೇ!"

ಫೋನಿಟ್ಟು, ಆರಡಿಯ ಕತೆಯನ್ನು ಕ್ಯುರೇಟರಿಗೂ ಹೇಳಿದಳು. ಎರಡೂವರೆಗೆ ಅಪ್ಪ ಬಂದ. ಎಪ್ಪತ್ತಮೂರು ವಯಸ್ಸು, ಒಗೆದ ಅಂಗಿ, ಗುಂಡಿ ಒಂದು ಮನೆ ತಪ್ಪಿತ್ತು. ಬಾಗಿಲಲ್ಲೇ, "ಏನಾಯ್ತಮ್ಮ, ಹುಷಾರಾಗಿದೀಯ ತಾನೆ?" ಎಂದವನು ಮೇಜಿನ ಮೇಲಿದ್ದದ್ದನ್ನು ನೋಡಿದ. ತಲೆಯಿಂದ ಬಾಲದವರೆಗೆ ನೋಡಿದ. 

ಅವಳು ಅವನ ಕೈಯಿಂದ ಗಂಟುಬಿಚ್ಚುಕ ತೆಗೆದುಕೊಂಡಳು. ಮೇಣ ಕೆರೆದು ದಾರದ ತುದಿ ಹುಡುಕಿ ಬಿಚ್ಚತೊಡಗಿದಳು. ಸುತ್ತು ಮೇಲೆ ಸುತ್ತು, ಮುಗಿಯುವಂತೆಯೇ ಕಾಣಲಿಲ್ಲ. "ಕತ್ತರಿಸಿಬಿಡಿ!" ಎಂದು ಬಡಗಿ ಕುಣಿದ. ಕ್ಯುರೇಟರ್ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡುತ್ತಿದ್ದರು. ಕೊನೆಯ ಸುತ್ತು ಬಿಚ್ಚಿತು. ದಾರದಡಿ ಮೂವತ್ತಾರು ವರ್ಷ ಅಡಗಿದ್ದ ಗರಗಸದ ಹಲ್ಲುಗಳು ಹೊಸದರ ಹಾಗೆ ಎದ್ದು ನಿಂತಿದ್ದವು.

ಬಲಗಡೆಯ ಮುಳ್ಳನ್ನು ಎಡಗೈಯಲ್ಲಿ ಹಿಡಿದು, ತುದಿಯನ್ನು ಅದರ ಮುರಿದ ಬಾಯಿಗೆ ತಂದಳು. ಟಕ್ಕೆಂದು ಕೂತಿತು. ಒಂದು ಎಳೆಯಷ್ಟೂ ಅಲುಗಲಿಲ್ಲ. ಹಲ್ಲಿನ ಸಾಲು ಇಲ್ಲಿಂದ ಅಲ್ಲಿಗೆ ಒಂದೇ ಗೆರೆಯಲ್ಲಿ ಹರಿಯಿತು.

"ಆಹಾ!" ಎಂದು ಬಡಗಿ ಕೂಗಿದ. ಕ್ಯುರೇಟರ್ ಚಪ್ಪಾಳೆ ತಟ್ಟಿದರು. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಧಾರಾಳವಾಗಿ ಬರುತ್ತಿತ್ತು.

ಅಪ್ಪ ಮೀನಿನ ತಲೆಚಿಪ್ಪಿನ ಮೇಲೆ ಅಂಗೈ ಇಟ್ಟ. "ಪಾಪ, ಅವತ್ತೇ ಹೋಗಿಬಿಡ್ತಾ ಇದು? ಎಲ್ಲೋ ಹಾಯಾಗಿದೆ ಅಂದ್ಕೊಂಡಿದ್ದೆ."

ಉಳಿದದ್ದು ಒಂದೇ ಗೋಜಲು. ಅವಳು ಮೂಗೊರೆಸಿಕೊಂಡು ಕೇಳಿದಳು. "ಅಪ್ಪಾ, ಇದು ಎಷ್ಟುದ್ದ ಇತ್ತು?"

"ಆರಡಿ."

"ನಿಜ ಹೇಳು."

ಅಪ್ಪ ಬಡಗಿಯನ್ನು ನೋಡಿದ, ಕ್ಯುರೇಟರನ್ನು ನೋಡಿದ. "ಬೇಡ ಬಿಡಮ್ಮ. ಎಲ್ಲ ಇದಾರೆ."

"ಹೇಳಪ್ಪ."

"ನಗಬಾರದು."

"ನಗಲ್ಲ."

"ಏಳೂವರೆ."

 ಬಡಗಿ ಜೇಬಿನಿಂದ ಚೀಟಿ ತೆಗೆದು, ತಾನೇ ಬರೆದದ್ದನ್ನು ಇನ್ನೊಮ್ಮೆ ಓದಿ, ಒಂದೂ ಮಾತಾಡದೆ ಅಪ್ಪನ ಕೈಗಿಟ್ಟ. ಅವನ ಬಾಯಿ ಮುಚ್ಚಿದ್ದು ಆ ಕೋಣೆಯಲ್ಲಿ ಅದೇ ಮೊದಲು.

"ಮತ್ತೆ ಆರಡಿ ಅಂತ ಯಾಕಪ್ಪ ಹೇಳ್ತಿದ್ದೆ?"

"ಇನ್ನೇನು ಮಾಡ್ಲಿ? ಮೊದಲು ನಿಮ್ಮಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡಿದ್ಲು. ಹೆಂಡ್ತಿನೇ ನಂಬ್ಲಿಲ್ಲ, ಪೇಟೆಯವರು ನಂಬ್ತಾರಾ? ಒಂದೂವರೆ ಅಡಿ ಬಿಟ್ಟುಕೊಟ್ಟೆ. ಆರಾದ್ರೂ ನಂಬ್ತಾರೇನೋ ಅಂತ."

ಅವಳಿಗೆ ತಡೆಯಲಾಗಲಿಲ್ಲ. "ಅವತ್ತು ನಾನು ಎಲ್ಲರ ಮುಂದೆ, ಸುಳ್ಳು ಹೇಳ್ಬೇಡ ಅಂದೆ ನಿನಗೆ. ತಪ್ಪಾಯ್ತಪ್ಪ."

"ಅಯ್ಯೋ ಹುಚ್ಚಿ, ನೀನು ಸರಿಯಾಗೇ ಹೇಳಿದ್ದೆ ಕಣಮ್ಮ" ಎಂದ ಅಪ್ಪ. "ನಾನು ಹೇಳ್ತಿದ್ದದ್ದು ಸುಳ್ಳೇ ಅಲ್ವಾ? ಒಂದೂವರೆ ಅಡಿ ಸುಳ್ಳು."

ಹೊರಗೆ ಲಾರಿಯವನು ಹಾರ್ನ್ ಹೊಡೆದ. ಕ್ಯುರೇಟರ್ ತಾವೇ ಫಾರಂ ಎಳೆದುಕೊಂಡು ಪೆನ್ನು ಬಿಚ್ಚಿದರು. "ಯಜಮಾನ್ರೇ, ನಿಮ್ಮ ಹೆಸರು ಹೇಳಿ. ಆರಡಿ ಅಂತ ಬರೆಯೋಕಾಗಲ್ಲ." ಅಪ್ಪ ತನ್ನ ಪೂರ್ತಿ ಹೆಸರನ್ನು, ತಂದೆಯ ಹೆಸರಿನ ಸಮೇತ, ಬಿಡಿಬಿಡಿಯಾಗಿ ಹೇಳಿದ. ಅವರು ಅದನ್ನು ಕೊನೆಯ ಸಾಲಿನಲ್ಲಿ ದುಂಡಗೆ ಬರೆದರು. ಲಾರಿ ಹೋಯಿತು.

"ಈಗ ಕೂತ್ಕೊಳ್ಳಿ, ಕತೆ ಮೊದಲಿನಿಂದ ಹೇಳಿ" ಎಂದು ಬಡಗಿ ಸ್ಟೂಲು ತಂದಿಟ್ಟ.

ಅಪ್ಪ ಕೂರಲಿಲ್ಲ. ನಿಂತುಕೊಂಡೇ ಶುರು ಮಾಡಿದ. ಗಾಳ ಹಾಕಿದ್ದು, ದಾರ ಬಿಗಿದದ್ದು, ನೀರು ಕಪ್ಪಗೆ ಎದ್ದದ್ದು, ಮೀನು ದೋಣಿಯ ಪಕ್ಕಕ್ಕೆ ಬಂದದ್ದು. "ಎಷ್ಟುದ್ದ ಅಂತೀರಾ!" ಎಂದು ಎರಡೂ ಕೈ ಅಗಲಿಸಿದ. ಅಗಲಿಸಿದವನು ಅರ್ಧಕ್ಕೇ ನಿಂತು ತನ್ನ ಕೈಗಳನ್ನೇ ನೋಡಿಕೊಂಡ. ಕೈ ಸಾಲುತ್ತಿರಲಿಲ್ಲ. ಆರಡಿಗಾದರೆ ಹೇಗೋ ಸಾಲುತ್ತಿತ್ತು.

"ಬಾಮ್ಮ, ನೀನು ಆ ಕಡೆ ನಿಂತ್ಕೋ" ಎಂದ.

ಅವಳು ಮೂರನೆಯ ಮೇಜಿನ ಕೊನೆಗೆ ಓಡಿಹೋಗಿ, ಬಾಲದ ತುದಿ ಇದ್ದಲ್ಲಿ ಕೈ ಎತ್ತಿ ನಿಂತಳು.