ತನ್ನ ಬಾಗಿಲನ್ನೇ ಬಡಿಯುತ್ತಿದ್ದ ಶಂಕ್ರಪ್ಪ

ಶಂಕ್ರಪ್ಪ ತನ್ನ ಮನೆಯ ಬಾಗಿಲನ್ನು ತಾನೇ ಬಡಿದು, ಕ್ಷಣಹೊತ್ತು ನಿಂತು, ಆಮೇಲೆ ಒಳಗೆ ಹೋಗುತ್ತಿದ್ದ. ಒಳಗೆ ನರಪಿಳ್ಳೆಯೂ ಇರುತ್ತಿರಲಿಲ್ಲ. ಕೀಲಿ ತೆಗೆದವನು ಅವನೇ. ಆದರೂ ಚಿಲಕವನ್ನು ಕದಕ್ಕೆ ತಾಗಿಸಿ ಸದ್ದು ಮಾಡಿ, ಕತ್ತು ತುಸು ಓರೆ ಮಾಡಿ ಕಿವಿಗೊಟ್ಟು ನಿಲ್ಲುವನು. ಇಳಕಲ್ಲಿನ ನಮ್ಮ ಓಣಿಗೆ ಹೊಸದಾಗಿ ಬಂದವರು ಇದನ್ನು ಕಂಡು ನಗುತ್ತಿದ್ದರು, ಹಳಬರು ನಗುತ್ತಿರಲಿಲ್ಲ. ಹೆಂಡತಿ ಗುರುಲಿಂಗವ್ವ ಬದುಕಿದ್ದಾಗಿನ ರೂಢಿ ಅದು. ಚಿಲಕ ಸದ್ದಾದರೆ ಆಕೆ ಒಳಗಿನಿಂದ, ಗೊತ್ತಿದ್ದೂ ಗೊತ್ತಿಲ್ಲದವಳಂತೆ, “ಯಾರವ್ರು?” ಎನ್ನುವಳು. ಇವನು “ನಾ ಅದೇನಿ” ಎನ್ನುವನು. “ನಾ ಅಂದ್ರ ಯಾರು?” “ಮಗ್ಗದಾಗ ಕೂಡಾಂವ!” ಮುದುಕರಾಗುವ ತನಕ ನಡೆದ ಈ ಹುಡುಗಾಟಿಕೆಯನ್ನು ಓಣಿಯೆಲ್ಲ ಬಾಯಿಪಾಠ ಮಾಡಿತ್ತು.

ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತ ಜೀವಮಾನ ಕಳೆದವನಾದ್ದರಿಂದ ನೆಲದ ಮೇಲೆ ನಡೆಯುವಾಗಲೂ ಒಂದು ಹೆಜ್ಜೆಯನ್ನು ಒತ್ತಿ, ಇನ್ನೊಂದನ್ನು ತೇಲಿಸಿ, ಕಾಣದ ಹಲಗೆಯನ್ನು ತುಳಿಯುತ್ತ ಸಾಗಿದಂತೆ ನಡೆಯುತ್ತಿದ್ದ. ಮಗಳು ಐಶ್ವರ್ಯಳ ಮದುವೆಗೆ ಹೊಲಿಸಿದ ಕಂದು ಕೋಟು ಚೈತ್ರದ ಉರಿಬಿಸಿಲಲ್ಲೂ ಅವನ ಮೈಬಿಡುತ್ತಿರಲಿಲ್ಲ. ಹಣೆಯ ವಿಭೂತಿ ಎಂದೂ ತಪ್ಪಿದ್ದಲ್ಲ. ಮಾತೆಂದರೆ ಏನೇ ಮಾತಾಗಲಿ, ಕೊನೆಗೆ “ಹೌದಲ್ಲೇನ್ರಿ?” ಎಂದು ಕೇಳದೆ ಮುಗಿಸುತ್ತಿರಲಿಲ್ಲ. ಎದುರಿನವರು ಹೌದೆಂದರೂ ಸರಿ, ಅಲ್ಲವೆಂದರೂ ಸರಿ, ಒಂದು ಮಾತು ಮರಳಿ ಬಂದರೆ ಸಾಕು, ಅವನ ಮುಖ ಅರಳುತ್ತಿತ್ತು.

ಇಳಕಲ್ ಸೀರೆಯ ಮರ್ಮ ಅದರ ಸೆರಗಿನಲ್ಲಿದೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಒಡಲಿನ ಹಾಸುನೂಲು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸುನೂಲು ಬೇರೆ. ಪ್ರತಿ ಸೀರೆಗೂ ಎರಡನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಇತ್ತ ಒಬ್ಬರು ಕುಣಿಕೆ ಕೊಟ್ಟರೆ ಅತ್ತ ಕೂತವರು ಎಳೆ ಹಾಯಿಸಿ ಬಿಗಿಹಿಡಿಯಬೇಕು. ಗುರುಲಿಂಗವ್ವ ಮದುವೆಯಾಗಿ ಬಂದಂದಿನಿಂದ ಆ ಕಡೆ ಕೂತವಳು. ಆಕೆ ಜ್ವರದ ನೆಪದಲ್ಲಿ ಹಠಾತ್ತನೆ ತೀರಿಹೋದ ಮೇಲೆ ಶಂಕ್ರಪ್ಪ ಕುಡಿಯಲು ಕಲಿತ. ಎಪ್ಪತ್ತರ ಹತ್ತಿರದಲ್ಲಿ, ಉಳಿದವರು ಬಿಡುವ ವಯಸ್ಸಿನಲ್ಲಿ ಕಲಿತ. ಕೋಟಿನ ಒಳಗಿನ ಜೇಬಿಗೆ ಸೆರೆಯ ಪಾಕೀಟು ಬಂತು. ನೆರೆಮನೆಯ ಹುಸೇನಬಿ, ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಬದುಕುವ ಹೆಂಗಸು, ಆಗೆಲ್ಲ ಸೆರಗು ಕೂಡಿಸಲು ಬರುತ್ತಿದ್ದಳು. ಬಾಯಿಯ ವಾಸನೆಗೆ ಮುಖ ತಿರುವಿಯೂ ಬರುತ್ತಿದ್ದಳು.

ಕೊನೆಗೆ ಹುನಗುಂದದಿಂದ ಐಶ್ವರ್ಯ ಬಂದು ಅತ್ತು ಕರೆದು ತಂದೆಯನ್ನು ಬಾಗಲಕೋಟೆಯ ಒಂದು ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಿದಳು. ಶಂಕ್ರಪ್ಪ ಅಲ್ಲಿಂದ ಬೇರೆಯೇ ಮನುಷ್ಯನಾಗಿ ಬಂದ. ಕೈನಡುಕ ಇಳಿದಿತ್ತು, ಕೋಟಿನ ಜೇಬಿನಲ್ಲಿ ಪೆಪ್ಪರಮಿಂಟು ಇತ್ತು. ಅಲ್ಲಿನ ಔಷಧ ಹೇಗಿತ್ತೆಂದು ಹುಸೇನಬಿ ಕೇಳಿದಾಗ, “ಔಷಧಾ ಏನೋ ಕೊಟ್ರವಾ. ಆದ್ರ ಬಾಜೂ ಕಾಟಿನ ಮಂದಿ ಭಾಳ ಛಲೋ ಇದ್ರು. ಕೆಮ್ಮಿದ್ರ ‘ಏನಾತ್ರಿ ಅಜ್ಜಾರ’ ಅಂತಿದ್ರು. ಮನಷ್ಯಾಗ ಅಷ್ಟ ಸಾಕು, ಹೌದಲ್ಲೇನು?” ಎಂದಿದ್ದ. ಆ ಮಾತನ್ನು ಯಾರೂ ಔಷಧದ ಚೀಟಿಯೆಂದು ಓದಿಕೊಳ್ಳಲಿಲ್ಲ.

ಓಣಿ ಅವನಿಗೆ ಕೇಡು ಬಗೆಯಲಿಲ್ಲ, ಬಗೆದಿದ್ದರೆ ಬದುಕಿಕೊಳ್ಳುತ್ತಿದ್ದನೇನೋ. ಓಣಿ ಅವನಿಗೆ ಉಪಕಾರ ಮಾಡಿತು. ಹುಸೇನಬಿಯ ಗಂಡ ಇಮಾಮಸಾಬ ಕರುಳುಳ್ಳ ಮನುಷ್ಯ. ಮುದುಕ ಸೆರಗು ಕೂಡಿಸುವುದಕ್ಕಾಗಿ ಮಂದಿಯ ಬಾಗಿಲು ಕಾಯಬಾರದೆಂದು ಅವನೇ ನೂಲು ಕೊಡುವ ಸಾಹುಕಾರರ ಹತ್ತಿರ ಹೋಗಿ, “ಅಂವಗ ಕೂಡಸೂ ತ್ರಾಸ ಬ್ಯಾಡ್ರಿ. ಉದ್ದನ ಹಾಸು ಕೊಟ್ಟಬಿಡ್ರಿ, ತನ್ನ ಪಾಡಿಗೆ ತಾ ನೇಯ್ಕೋತ ಕೂಡ್ಲಿ” ಎಂದು ಹೇಳಿಬಂದ. ಅಂಥ ಉದ್ದ ಹಾಸಿನಲ್ಲಿ ಸೆರಗು ಕೂಡಿಸುವ ಗೊಡವೆಯೇ ಇಲ್ಲ. ಒಂದರ ಹಿಂದೊಂದು ಅಗ್ಗದ ಸೀರೆ ನೇಯುತ್ತ ಹೋಗಬಹುದು. ಮದುವೆಮನೆಗಳಲ್ಲಿ ಕುಡಿಯುವವರಿರುತ್ತಾರೆಂದು ಅವನನ್ನು ಕರೆಯುವುದು ನಿಂತಿತು. ಹಳೆಯದನ್ನು ಕೆದಕಿದರೆ ನೊಂದಾನೆಂದು ಮಾತು ನಿಂತಿತು. ರೊಟ್ಟಿಯ ಗಂಟನ್ನು ಕಟ್ಟೆಯ ಮೇಲಿಟ್ಟು ಸದ್ದಿಲ್ಲದೆ ಹೋಗುವ ಸಜ್ಜನಿಕೆಯೊಂದು ಬೆಳೆಯಿತು. ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಶಂಕ್ರಪ್ಪನನ್ನು ಓಣಿಯಿಂದ ತೆಗೆದುಬಿಟ್ಟರು, ಮತ್ತು ಅವನು ಅದೇ ಓಣಿಯ ನಟ್ಟನಡುವೆ ವಾಸವಾಗಿದ್ದ.

ಶ್ರಾವಣದ ಒಂದು ಮಧ್ಯಾಹ್ನ ಅವನು ಹುಸೇನಬಿಯ ಹೊಸ್ತಿಲಿಗೆ ಬಂದು ನಿಂತ. “ತಂಗೀ, ಒಂದ್ ಸೆರಗು ಕೂಡಸೂದಿತ್ತು.”

ರಾಟಿ ತಿರುಗಿಸುತ್ತಿದ್ದ ಆಕೆ ನಕ್ಕಳು. “ನಿಮಗೀಗ ಆ ಕಾಟ ಎಲ್ಲೈತ್ರಿ ಅಣ್ಣಾರ? ಉದ್ದನ ಹಾಸು ಕೊಟ್ಟಾರಲ್ಲ!”

“ಖರೆ. ಮರ್ತಿದ್ನಿ.” ತುಸು ಹೊತ್ತು ಚೌಕಟ್ಟು ಹಿಡಿದು ನಿಂತ. “ನಿಮ್ಮ ಮನ್ಯಾಗ ರಾಟಿ ಸಪ್ಪಳ ಛಲೋ ಕೇಳತೈತಿ, ಹೌದಲ್ಲೇನು?”

ಸಂಜೆಯೊಳಗೆ ಮುಗಿಸಬೇಕಾದ ಕಂಡಿಕೆಗಳ ರಾಶಿ ಆಕೆಯ ಮುಂದಿತ್ತು. “ಹ್ಞೂಂ” ಎಂದಳು, ತಲೆ ಎತ್ತದೆ. ಶಂಕ್ರಪ್ಪ ಒತ್ತುವ ಹೆಜ್ಜೆಯೊಂದು, ತೇಲುವ ಹೆಜ್ಜೆಯೊಂದು ಇಡುತ್ತ ಹೊರಟುಹೋದ. ಮನೆಯ ಕಡೆಗಲ್ಲ, ಬಸ್ ಸ್ಟ್ಯಾಂಡಿನ ಆಚೆಯ ಅಂಗಡಿಯ ಕಡೆಗೆ ಹೋದನೆಂದು ಆಮೇಲೆ ಕಂಡವರು ಹೇಳಿದರು.

ಅಲ್ಲಿಂದ ಮುಂದೆ ಅವನ ಮಗ್ಗದ ಸದ್ದು ತಡೆತಡೆದು ಬರತೊಡಗಿತು. ಒಂದು ದಿನ ಬೆಳಗಿನಿಂದ ಬರಲೇ ಇಲ್ಲ. ಕಟ್ಟೆಯ ಮೇಲಿನ ರೊಟ್ಟಿಗಂಟನ್ನು ನಾಯಿ ಎಳೆದಾಡುವುದನ್ನು ಕಂಡ ಹುಸೇನಬಿ ಓಡಿಬಂದು ಚಿಲಕ ಬಡಿದಳು. ಕದ ದೂಡಿದಳು, ಅದು ತೆರೆದಂತೆಲ್ಲ ಒಳಗೆ ಬಿಗಿದಿದ್ದ ಕೆಂಪು ಎಳೆಗಳು ಸಡಿಲಾಗಿ ನೆಲಕ್ಕೆ ಬಿದ್ದವು. ಗುರುಲಿಂಗವ್ವ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಹಳೆಯ ಸೆರಗಿನ ರೇಷ್ಮೆ ಅದು. ಅದರ ಒಂದು ತುದಿಯನ್ನು ಕದದ ಒಳಬಳೆಗೆ ಕಟ್ಟಿ, ಆ ಕಡೆ ಕೂಡುವವರಿಲ್ಲದೆ ಮುದುಕ ಒಬ್ಬನೇ ಸೆರಗು ಕೂಡಿಸಲು ಕೂತಿದ್ದ. ಯಾವ ಸೀರೆಗೂ ಬೇಡವಾಗಿದ್ದ ಸೆರಗು. ಜಾರಿಹೋದ ಕುಣಿಕೆಗಳ ನಡುವೆ, ಖಾಲಿ ಪಾಕೀಟುಗಳ ನಡುವೆ, ಕೋಟು ತೊಟ್ಟುಕೊಂಡೇ ಮಗ್ಗದ ಕುಣಿಯ ಅಂಚಿಗೆ ಒರಗಿಬಿದ್ದಿದ್ದ. ಉಸಿರಿತ್ತು.

ಯಕೃತ್ತು ಪೂರ್ತಿ ಸೋತಿದೆಯೆಂದು ದವಾಖಾನೆಯಲ್ಲಿ ಹೇಳಿದರು. ಐಶ್ವರ್ಯ ಬಸ್ಸಿಳಿದು ಬರುವವರೆಗೆ ಹುಸೇನಬಿಯೇ ಹಾಸಿಗೆಯ ಪಕ್ಕ ಕೂತಳು. ಅವನು ಕಣ್ಣು ಬಿಟ್ಟಾಗ ಆಕೆಗೆ ತಡೆಯಲಾಗಲಿಲ್ಲ. “ಹಿಂಗ್ಯಾಕ ಮಾಡ್ಕೊಂಡ್ರಿ ಅಣ್ಣಾರ? ಕೂಗಿದ್ರ ಬರತಿದ್ದಿಲ್ಲೇನು ನಾ? ಒಂದ್ ಮಾತು ಹೇಳಬಾರದಿತ್ತ?”

ಶಂಕ್ರಪ್ಪನ ದನಿಯಲ್ಲಿ ದೂರೇನೂ ಇರಲಿಲ್ಲ. “ಬಂದಿದ್ನಲ್ಲ ತಂಗಿ” ಎಂದ. ಈ ಸಲ ಹೌದಲ್ಲೇನು ಎಂದು ಕೇಳಲಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ಮೇಲೂ ಹುಸೇನಬಿ ಆ ಮಾತನ್ನು ನುಂಗಿಕೊಳ್ಳಲಾರಳು. ಹೊಸ್ತಿಲಲ್ಲಿ ನೆರಳಾಡಿದರೆ ಸಾಕು, ರಾಟಿ ಬಿಟ್ಟೆದ್ದು “ಯಾರವ್ರು? ಒಳಗ ಬರ್ರಿ” ಎನ್ನುತ್ತಾಳೆ, ಎಷ್ಟೋ ಸಲ ಅದು ಗಾಳಿಗೆ ಆಡುವ ಪರದೆಯ ನೆರಳಾಗಿರುತ್ತದೆ.

ಶಂಕ್ರಪ್ಪನಂಥವರು ಪ್ರತಿ ಓಣಿಯಲ್ಲೂ ಇದ್ದಾರೆ. ತಾವು ಒಂಟಿಯೆಂದು ಬಾಯಿಬಿಟ್ಟು ಹೇಳುವ ವಿದ್ಯೆ ಅವರಿಗೆ ತಿಳಿಯದು. ಬೆಂಕಿಪೊಟ್ಟಣ ಬೇಕೆಂದೋ, ಗಡಿಯಾರ ನಿಂತಿದೆಯೆಂದೋ, ಸೆರಗು ಕೂಡಿಸುವುದಿದೆಯೆಂದೋ ಒಂದು ನೆಪ ಹಿಡಿದು ಬಂದು ಚೌಕಟ್ಟಿಗೆ ಒರಗಿ ನಿಲ್ಲುತ್ತಾರೆ. ಬುದ್ಧಿವಂತರೂ ದಯಾವಂತರೂ ಆದ ನಾವು ಆ ನೆಪವನ್ನು ಕೂಡಲೇ ಪರಿಹರಿಸಿ, ಮನುಷ್ಯನನ್ನು ಹೊರಗೇ ಬಿಟ್ಟು, ಒಳ್ಳೆಯದು ಮಾಡಿದೆವೆಂಬ ನೆಮ್ಮದಿಯಿಂದ ಬಾಗಿಲು ಹಾಕಿಕೊಳ್ಳುತ್ತೇವೆ.