ಚಿಪ್ಪಿನ ನಂಬರು

ತಾನೇ ಬರೆದ ಪ್ರೋಗ್ರಾಮಿನ ಅಚ್ಚುಪ್ರತಿಯ ಮೂರನೇ ಪುಟದಲ್ಲಿ ಪುರುಷೋತ್ತಮನ ಪೆನ್ಸಿಲ್ ನಿಂತಿತು. ರಾಜಾಜಿನಗರದ ಆ ಸಣ್ಣ ಕಂಪನಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕಾರ್ಡು ಮಾಡುತ್ತಿತ್ತು. ಪ್ರತಿ ಕಾರ್ಡಿನ ಚಿಪ್ಪಿಗೂ ಕೀಲಿಮಣೆಯಿಂದ ಬೇರೆ ಬೇರೆ ನಂಬರು ಬರೆಯಬೇಕು. ಕಾರ್ಡನ್ನು ನಡೆಸುವ ಡ್ರೈವರ್ ಪ್ರೋಗ್ರಾಮು ಅದನ್ನು ಚಿಪ್ಪಿನಿಂದಲೇ ಓದಿಕೊಳ್ಳಬೇಕು. ಅವನು ಬರೆದ ಪ್ರೋಗ್ರಾಮು ಓದುತ್ತಲೇ ಇರಲಿಲ್ಲ. ಚಿಪ್ಪುಗಳು ಇನ್ನೂ ಬಂದಿರದಾಗ ಪರೀಕ್ಷೆಗೆಂದು ಒಂದು ನಂಬರನ್ನು ತಾನೇ ಅದರೊಳಗೆ ತುರುಕಿದ್ದ. ತೆಗೆಯಲು ಮರೆತಿದ್ದ.

ಎರಡು ತಿಂಗಳ ಹಿಂದೆ ಗಿರಾಕಿಯ ಆಫೀಸಿನಲ್ಲಿ ಎರಡು ಯಂತ್ರಗಳು ಒಂದೇ ನಂಬರು ಹೇಳಿ ಕೆಲಸ ಕೆಟ್ಟಿತ್ತು. ಚಿಪ್ಪಿಗೆ ನಂಬರು ಬರೆಯುತ್ತಿದ್ದವಳು ಕಲ್ಯಾಣಮ್ಮ. ವಯಸ್ಸು ಐವತ್ತು, ಕನ್ನಡಕ ಬೇರೆ. ಮಾಲೀಕ ಉಗ್ರಪ್ಪನಿಗೆ ಇನ್ನೇನು ಬೇಕು? "ತಪ್ಪೊಪ್ಕೊಂಡು ಬರ್ಕೊಟ್ರೆ ಕೆಲಸ ಉಳಿಯುತ್ತೆ ಕಲ್ಯಾಣಮ್ನೋರೆ" ಎಂದು ಹೇಳಿ ಆಕೆಯ ಹೆಸರಲ್ಲಿ ಪತ್ರ ಬರೆದುಕೊಟ್ಟವನು ಪುರುಷೋತ್ತಮನೇ. 'ಕಣ್ಣು ಮಂಜಾಗಿ ಹೀಗಾಯಿತು' ಎಂಬ ಸಾಲೂ ಅವನದೇ. ಆಕೆ ನಂಬಿ ಸಹಿ ಹಾಕಿದಳು. ಅದೇ ಪತ್ರ ತೋರಿಸಿ ಉಗ್ರಪ್ಪ ಆಕೆಯನ್ನು ಮನೆಗೆ ಕಳಿಸಿದ. ಈಗ ಹೊಸಬಳು ಬರೆದ ಕಾರ್ಡುಗಳೂ ಅದೇ ನಂಬರು ಹೇಳಿದಾಗಲೇ ಅವನು ತನ್ನ ಪ್ರೋಗ್ರಾಮು ತೆಗೆದು ನೋಡಿದ್ದು. ಹೋಗಿ ಉಗ್ರಪ್ಪನಿಗೆ ಹೇಳಿ, ಕಲ್ಯಾಣಮ್ಮನನ್ನು ವಾಪಸು ಕರೆಸಿ ಎಂದ.

"ಹೊಸಬಳನ್ನ ತಗೊಂಡಾಗಿದೆ, ಬಿಡಪ್ಪ" ಎಂದ ಉಗ್ರಪ್ಪ, ತಲೆಯೆತ್ತದೆ.

ಸಂಜೆ ಪುರುಷೋತ್ತಮ ಹೇರೋಹಳ್ಳಿಯ ಆಕೆಯ ಮನೆಗೆ ಹೋದ. ಕಲ್ಯಾಣಮ್ಮ ಜಗಲಿಯಲ್ಲಿ ಸುಮ್ಮನೆ ಕೂತಿದ್ದಳು. ಪಕ್ಕದಲ್ಲಿ ಸೊಸೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಬನ್ನಿ ಸಾರ್. ಕಣ್ಣು ಮಂಜಲ್ವಾ, ಅಕ್ಕಿ ಆರ್ಸೋದೂ ಬಿಟ್ಬಿಟ್ಟಿದೀನಿ. ಮಕ್ಕಳ ಬಾಯಿಗೆ ಕಲ್ಲು ಸಿಕ್ರೆ ಅಂತ ಭಯ."

ಅವನು ನಿಂತೇ ಹೇಳಿದ. "ತಪ್ಪು ನಂದು ಕಣಮ್ಮ. ನೀವು ಬರ್ದಿದ್ ಚಿಪ್ಪೆಲ್ಲಾ ಓದಿ ನೋಡ್ದೆ. ಒಂದೂ ತಪ್ಪಿರ್ಲಿಲ್ಲ."

"ಒಂದೂ?"

"ಒಂದೂ ಇಲ್ಲ."

"ಹಂಗಾದ್ರೆ ಕೆಲಸಕ್ಕೆ ಬರ್ಬೋದಾ ಸಾರ್?"

"ಹೊಸಬಳನ್ನ ತಗೊಂಡ್ಬಿಟ್ಟಿದಾರಮ್ಮ" ಎಂದ ಅವನು. ಆಕೆ ಸೊಸೆಯ ಮುಂದಿದ್ದ ಮೊರವನ್ನು ಮೆಲ್ಲಗೆ ಎಳೆದುಕೊಂಡು ಅಕ್ಕಿಯ ಮೇಲೆ ಬೆರಳಾಡಿಸಿದಳು. ಒಂದು ಕಲ್ಲು ಸಿಕ್ಕಿತು. ಕನ್ನಡಕದ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಸೊಸೆಯತ್ತ ಅಂಗೈ ಚಾಚಿದಳು.

"ಇದು ಕಲ್ಲೇ ತಾನೆ? ನೀನೊಂದ್ಸಲ ನೋಡವ್ವ."