ಬೋರ್ಡಿಲ್ಲದ ಬಾಗಿಲು

ಆ ಬಾಗಿಲು ಬೇಕೆಂದು ಹಟ ಹಿಡಿದವಳೇ ಗಿಣಿ. ಬಾಯಿ ತೆರೆದರೆ ಮುಚ್ಚುವವಳಲ್ಲವೆಂದು ಮನೆಯವರು ಇಟ್ಟ ಹೆಸರು ಅದು. ಬಡಾವಣೆಯ ಆರೋಗ್ಯ ಕೇಂದ್ರದ ಸಮಿತಿಗೆ ಹರೆಯದವರ ಪರವಾಗಿ ಒಬ್ಬರು ಬೇಕೆಂದಾಗ ಎಲ್ಲರೂ ಸೇರಿ ಅವಳನ್ನೇ ಮುಂದೆ ತಳ್ಳಿದ್ದರು.

"ಮುಂದಿನ ಹಾಲಲ್ಲಿ ಅತ್ತೆ, ಚಿಕ್ಕಪ್ಪ, ಪಕ್ಕದ್ಮನೆ ಅಜ್ಜಿ ಎಲ್ಲಾ ಕೂತಿರ್ತಾರೆ ಡಾಕ್ಟರಮ್ಮ. ಯಾಕ್ ಬಂದೆ, ಏನಾಗಿದೆ ಅಂತ ಅರ್ಧ ಪರೀಕ್ಷೆ ಅವ್ರೇ ಮಾಡ್ಬಿಡ್ತಾರೆ. ನಮ್ಗೆ ಓಣಿ ಕಡೆಯಿಂದ ಒಂದು ಬಾಗಿಲು ಕೊಡಿ. ಬೋರ್ಡು ಗೀರ್ಡು ಬೇಡ."

ಡಾಕ್ಟರಮ್ಮ ನಕ್ಕು ಒಪ್ಪಿದರು. "ನೀವೆಲ್ಲ ನಮ್ಮ ಪಾಲುದಾರರು ಕಣಮ್ಮ. ನೀವು ಹೇಳ್ದಂಗೇ ಆಗ್ಲಿ."

ಪಾಲುದಾರಳು! ಗಿಣಿ ಆ ಮಾತನ್ನು ಮನೆಯಲ್ಲಿ ಎಷ್ಟು ಸಲ ಹೇಳಿದಳೆಂದರೆ, "ಹಾಗಾದ್ರೆ ನಿನ್ನ ಪಾಲಿಗೆ ಬಂದಿದ್ದೇನು, ಸೂಜಿನಾ ಮಾತ್ರೆನಾ?" ಎಂದು ಅಣ್ಣ ಕಾಡತೊಡಗಿದ.

ಬಾಗಿಲು ಬಂತು. ಟೈಲರ್ ಮಗಳು ಗಿಣಿಯ ಜೀವದ ಗೆಳತಿ. ಕೆಲವು ತಿಂಗಳಿಂದ ಅವಳಿಗೆ ನಿದ್ದೆಯಿಲ್ಲ, ಬದುಕೇ ಬೇಡ ಅನ್ನಿಸುತ್ತದೆ. ಅದನ್ನು ಅವಳು ಬಾಯಿಬಿಟ್ಟಿದ್ದು ಗಿಣಿಯೊಬ್ಬಳ ಹತ್ತಿರ ಮಾತ್ರ.

"ಅಪ್ಪಂಗೆ ಗೊತ್ತಾದ್ರೆ ಕಾಲೇಜು ಬಿಡಿಸಿಬಿಡ್ತಾರೆ ಕಣೆ."

"ಓಣಿ ಬಾಗಿಲಿಂದ ಡಾಕ್ಟರಮ್ಮನ ಹತ್ರ ಹೋಗೋಣ, ಯಾರ ಕಿವಿಗೂ ಬೀಳಲ್ಲ. ನಿನ್ನಾಣೆ."

ತಾವು ಹೋಗುವ ಹೊತ್ತಿಗೆ ಡಾಕ್ಟರಮ್ಮ ಕೋಣೆಯಲ್ಲಿರಲೆಂದು ಗಿಣಿ ಅವರೊಬ್ಬರಿಗೆ ಮೊದಲೇ ತಿಳಿಸಿದಳು: ಗುರುವಾರ ಸಂಜೆ ಒಬ್ಬಳು ಬರುತ್ತಾಳೆ, ಯಾರಿಗೂ ಗೊತ್ತಾಗಬಾರದು. ಹೆಸರು ಹೇಳಲಿಲ್ಲ. "ಆಯ್ತು ಬಿಡು" ಎಂದಿದ್ದರು ಡಾಕ್ಟರಮ್ಮ.

ಗುರುವಾರ ಓಣಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಗಿಣಿ ಗೆಳತಿಯ ಕೈ ಹಿಡಿದು ಬಾಗಿಲು ತಳ್ಳಿದಳು.

ಚಪ್ಪಾಳೆ!

ಒಳಗೆ ಕುರ್ಚಿಗಳ ತುಂಬ ಜನ, ಎಲ್ಲರ ಮುಖವೂ ಬಾಗಿಲ ಕಡೆಗೇ. ಮಧ್ಯದಲ್ಲಿ ಈ ಕೋಣೆಗೆ ದೇಣಿಗೆ ಕೊಟ್ಟ ದೊಡ್ಡ ಮನುಷ್ಯರು. "ನೋಡಿ, ನಮ್ಮ ಮೊದಲ ಫಲಾನುಭವಿ! ಕರ್ಕೊಂಡು ಬಂದವಳೂ ನಮ್ಮ ಪಾಲುದಾರಳೇ" ಎಂದರು ಡಾಕ್ಟರಮ್ಮ. ಕ್ಯಾಮೆರಾ ಮಿಂಚಿತು. ಕಿಟಕಿಯ ಹತ್ತಿರ, ಕೊರಳಲ್ಲಿ ಅಳತೆ ಟೇಪು ಇಳಿಬಿಟ್ಟುಕೊಂಡು, ತಾನೇ ಹೊಲಿದ ಹೊಸ ಪರದೆಯನ್ನು ಸರಿಮಾಡುತ್ತಿದ್ದ ಟೈಲರ್ ತಿರುಗಿ ಮಗಳನ್ನು ಕಂಡ.

ಗೆಳತಿ ಅಪ್ಪನ ಕಡೆ ನೋಡಲಿಲ್ಲ. ಗಿಣಿಯನ್ನೇ ನೋಡಿದಳು.

"ನೀನೂ ಸೇರ್ಕೊಂಡು ಮಾಡಿದ್ದಾ?"

ಗಿಣಿಗೆ ಹುಟ್ಟಿದಾಗಿನಿಂದ ಬೇಡದಿದ್ದರೂ ಬರುತ್ತಿದ್ದ ಮಾತು, ಬೇಕಾದ ಹೊತ್ತಿಗೆ ಕೈ ಕೊಟ್ಟಿತು. ಗೆಳತಿ ಕೈ ಕೊಸರಿಕೊಂಡು ಬಂದ ಓಣಿಯಲ್ಲೇ ಹೊರಟುಹೋದಳು.

ಜನ ಕರಗಿದ ಮೇಲೆ ಗಿಣಿ ಅಂತೂ ಬಾಯಿ ತೆರೆದಳು. "ಯಾರಿಗೂ ಗೊತ್ತಾಗ್ಬಾರ್ದು ಅಂದಿದ್ನಲ್ಲ ಡಾಕ್ಟರಮ್ಮ."

"ಒಳ್ಳೇದಕ್ಕೆ ತಾನೇ ಮಾಡಿದ್ದು? ನಾಲ್ಕು ಜನಕ್ಕೆ ಧೈರ್ಯ ಬರ್ಲಿ ಅಂತ."

ನಾಲ್ಕು ಜನಕ್ಕಂತೆ! ಒಬ್ಬಳಿಗೆ ಅಷ್ಟೋ ಇಷ್ಟೋ ಇದ್ದ ಧೈರ್ಯವನ್ನೂ ಕಿತ್ತುಕೊಂಡು ಕಳಿಸಿದ್ದರು. ಗಿಣಿಗೆ ಮೈಯೆಲ್ಲ ಉರಿಯಿತು. ನಂಬಿ ಹೇಳಿದ್ದು ತಾನೇ ಅಲ್ಲವೇ ಎಂದು ಅಳುವೂ ಬಂತು.

ಮರುದಿನದಿಂದ ಗೆಳತಿ ಕಾಲೇಜಿಗೆ ಬರಲಿಲ್ಲ. ಮನೆಗೆ ಹೋದರೆ ಟೈಲರ್ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಆ ಫೋಟೊ ಮಾತ್ರ, ಅತ್ತೆ ಅಜ್ಜಿಯರು ಕಾದು ಕೂರುವ ಮುಂದಿನ ಹಾಲಿನ ಗೋಡೆ ಏರಿತು. ಓಣಿಯ ಬಾಗಿಲನ್ನು ಮತ್ತೆ ಯಾರೂ ತಳ್ಳಲಿಲ್ಲ.

ಮುಂದಿನ ಸಭೆಯಲ್ಲಿ ಡಾಕ್ಟರಮ್ಮ ಬೇಜಾರಿನಿಂದ ಕೇಳಿದರು. "ಯಾಕಮ್ಮ ಯಾರೂ ಬರ್ತಿಲ್ಲ? ನಿನ್ನವ್ರಿಗೆ ಸ್ವಲ್ಪ ಹೇಳು."

ಗಿಣಿ ಎದ್ದು ನಿಂತಳು.

"ನನ್ನವ್ರು ಅಂತ ಈಗ ಯಾರಿದ್ದಾರೆ ಡಾಕ್ಟರಮ್ಮ?"